ಹೊಸದಾಗಿ ಕಟ್ಟಿದ 13ಬಿ ರೋಟರಿ ಎಂಜಿನ್‌ನಲ್ಲಿ ಕಂಪ್ರೆಶನ್ ಕಮ್ಮಿ

ಪ್ರಶ್ನೆ:
ಮಾಜ್ದಾ ಆರ್‌ಎಕ್ಸ್-7ರ 13ಬಿ ಎಂಜಿನ್ ಬಿಚ್ಚಿ ಕಟ್ಟಿದ್ದಾಯ್ತು. ರೋಟರ್ (ಪಿಸ್ಟನ್ ಬದಲು ತಿರುಗೋ ತ್ರಿಕೋನ) ಮೇಲಿನ ಏಪೆಕ್ಸ್ ಸೀಲ್ (ತುದಿಯದು), ಸೈಡ್ ಸೀಲ್ (ಪಕ್ಕದ್ದು), ಕಾರ್ನರ್ ಸೀಲ್ (ಅವೆರಡೂ ಸೇರೋ ಮೂಲೆಯದು), ಸ್ಪ್ರಿಂಗ್‌ಗಳು ಎಲ್ಲ ಹೊಸವು. ಹೌಸಿಂಗ್ (ರೋಟರ್ ತಿರುಗೋ ಹೊರಕವಚ) ಮಾತ್ರ ಹಳೆಯವೇ. ಸ್ಟಾರ್ಟ್ ಆಗುತ್ತೆ, ಐಡಲ್‌ನಲ್ಲಿ ನಿಲ್ಲಲ್ಲ. ಮಾಮೂಲಿ ಕಂಪ್ರೆಶನ್ ಗೇಜ್‌ನಲ್ಲಿ ಎರಡೂ ರೋಟರ್ 5.4 ಕೆಜಿ (ಚದರ ಸೆಂ.ಮೀ.ಗೆ) ತೋರಿಸ್ತಿದೆ. ಸೀಲ್ ಕೂರೋವರೆಗೂ ಹೀಗೇನಾ, ಇಲ್ಲಾ ಮತ್ತೆ ಬಿಚ್ಚಬೇಕಾ?

ಉತ್ತರ 1:
ಈ ಅಳತೆ ನಂಬಬೇಡಿ ಸರ್. ಪಿಸ್ಟನ್ ಎಂಜಿನ್ ಗೇಜ್‌ನ ವಾಲ್ವ್ ಗಾಳಿಯನ್ನು ಹಿಡಿದಿಡುತ್ತೆ, ಹಾಗಾಗಿ ರೋಟರ್‌ನ ಮೂರು ಮುಖಗಳಲ್ಲಿ ಚೆನ್ನಾಗಿರೋದೊಂದೇ ಕಾಣುತ್ತೆ. ವಾಲ್ವ್ ತೆಗೆದು, ಗೇಜನ್ನು ಟ್ರೇಲಿಂಗ್ ಪ್ಲಗ್ (ಪ್ರತಿ ರೋಟರ್‌ನ ಎರಡು ಸ್ಪಾರ್ಕ್ ಪ್ಲಗ್‌ಗಳಲ್ಲಿ ಮೇಲಿನದು) ತೂತಿಗೆ ಹಾಕಿ, ಮುಳ್ಳಿನ ಒಂದೊಂದು ಜಿಗಿತವನ್ನೂ ವಿಡಿಯೋ ಮಾಡಿ. ಎಂಜಿನ್ ಬಿಸಿಯಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಇಗ್ನಿಷನ್, ಇಂಜೆಕ್ಟರ್ ಎರಡರ ಕನೆಕ್ಟರೂ ಕಿತ್ತಿಡಿ. ಪೆಟ್ರೋಲ್ ಒಳಗೆ ಹೋದ್ರೆ ಆಯಿಲ್ ತೊಳೆದುಹೋಗಿ ಅಳತೆ ಇನ್ನೂ ಇಳಿಯುತ್ತೆ.

ವೇಗವೂ ಮುಖ್ಯ. ಕನಿಷ್ಠ 6.0 ಕೆಜಿ ಅನ್ನೋ ಮಿತಿ 250 ಆರ್‌ಪಿಎಂಗೆ. ಶಾಫ್ಟ್ ಒಂದು ಸುತ್ತಿಗೆ ಒಂದು ರೋಟರ್‌ನಿಂದ ಒಂದೇ ಜಿಗಿತ. 10 ಸೆಕೆಂಡಿನ ಜಿಗಿತ ಎಣಿಸಿ 6ರಿಂದ ಗುಣಿಸಿದರೆ ಆರ್‌ಪಿಎಂ ಸಿಗುತ್ತೆ.

ಪ್ರಶ್ನೆ ಕೇಳಿದವರು:
10 ಸೆಕೆಂಡಿಗೆ 34 ಜಿಗಿತ. ಮುಂದಿನ ರೋಟರ್ 5.4, 5.3, 5.4. ಹಿಂದಿನದು 5.4, 3.6, 3.7.

ಉತ್ತರ 2:
ಹಾಗಾದ್ರೆ ತಿರುಗ್ತಿರೋದು ಬರೀ 204 ಆರ್‌ಪಿಎಂ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಮತ್ತೆ ನೋಡಿ, ಮುಂದಿನ ರೋಟರ್ ಬಗ್ಗೆ ಸದ್ಯಕ್ಕೆ ಚಿಂತೆ ಬೇಡ. ಹಿಂದಿನದರಲ್ಲಿ ಮಾತ್ರ ನಿಜವಾದ ತೊಂದರೆ ಇದೆ: ಮುಖಗಳ ನಡುವಿನ ವ್ಯತ್ಯಾಸ 1.5 ಕೆಜಿ ದಾಟಬಾರದು, ನಿಮ್ಮದು 1.8.

ಒಂದೇ ಮುಖ ಬಿದ್ದಿದ್ದರೆ ಮೊದಲ ಅನುಮಾನ ಸೈಡ್ ಸೀಲ್ ಮೇಲೆ. ಎರಡು ಮುಖ ಸಮವಾಗಿ ಬಿದ್ದಿವೆ ಅಂದ್ರೆ ಅವೆರಡರ ನಡುವಿನ ಮೂಲೆಯಲ್ಲೇ ಸೋರಿಕೆ: ಅಲ್ಲಿನ ಏಪೆಕ್ಸ್ ಸೀಲ್ ಅಥವಾ ಕಾರ್ನರ್ ಸೀಲ್.

ಎಂಜಿನ್ ಬಿಚ್ಚದೆಯೇ ನೋಡಬಹುದು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇಳಿಸಿ, ಮುಂದಿನ ಪುಲ್ಲಿ ಬೋಲ್ಟನ್ನು ಗಡಿಯಾರದ ದಿಕ್ಕಿಗೇ ತಿರುಗಿಸುತ್ತಾ ಒಂದೊಂದೇ ಏಪೆಕ್ಸ್ ಸೀಲನ್ನು ಎಕ್ಸಾಸ್ಟ್ ಪೋರ್ಟಿಗೆ (ಹೊಗೆ ಹೊರಹೋಗೋ ಕಿಂಡಿಗೆ) ತನ್ನಿ. ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಒಳಗೆ ಹೋಗಿ ಟಕ್ಕನೆ ಈಚೆ ಬರಬೇಕು. ಸ್ಕ್ರೂಡ್ರೈವರ್ ಬಳಸಿ ಹೌಸಿಂಗ್ ಕ್ರೋಮ್‌ಗೆ ಗೀರು ಹಾಕಬೇಡಿ.

ಉತ್ತರ 3:
ಮೇಲಿನದರ ಜೊತೆಗೆ ಒಂದು ಆಯಿಲ್ ಪರೀಕ್ಷೆ. ಲೀಡಿಂಗ್ (ಕೆಳಗಿನ) ಪ್ಲಗ್ ತೂತಿನಿಂದ 5 ಮಿ.ಲೀ. ಎಂಜಿನ್ ಆಯಿಲ್ ಹಾಕಿ, ಶಾಫ್ಟ್ ಒಂದು ಸುತ್ತು ತಿರುಗಿಸಿ ಮುಂದಿನ ಮುಖಕ್ಕೂ ಹಾಕಿ, ಹೀಗೆ ಮೂರಕ್ಕೂ. ಮೂರೂ ಏರಿ ಸಮವಾದರೆ ಸೀಲ್ ಇನ್ನೂ ಕೂತಿಲ್ಲ ಅಂತ, ಓಡಿಸ್ತಾ ಸರಿಹೋಗೋ ಸಾಧ್ಯತೆ ಜಾಸ್ತಿ. ಕಮ್ಮಿಯಿರೋ ಆ ಎರಡು ಮುಖಗಳ ಅಳತೆ ಏರದಿದ್ದರೆ ಸೀಲ್ ಸಿಕ್ಕಿಕೊಂಡಿದೆ.

ಹೊಸ ಸೀಲ್ ಹಾಕಿದಾಗ ಸಾಮಾನ್ಯವಾಗಿ ತಪ್ಪೋದು ಸೈಡ್ ಸೀಲ್ ಉಜ್ಜೋದರಲ್ಲಿ. ಉದ್ದ ಬಂದ ಸೀಲನ್ನು ಅದರದೇ ಗ್ರೂವ್‌ಗೆ ತಕ್ಕಂತೆ ಉಜ್ಜಿ, ಕಾರ್ನರ್ ಸೀಲ್‌ಗೂ ಅದಕ್ಕೂ ನಡುವೆ 0.05ರಿಂದ 0.15 ಮಿ.ಮೀ. ಸಂದು ಬಿಡಬೇಕು. ಅದಕ್ಕಿಂತ ಕಮ್ಮಿ ಬಿಟ್ಟರೆ ಬಿಸಿಗೆ ಸೀಲ್ ಹಿಗ್ಗಿ ಕಾರ್ನರ್ ಸೀಲನ್ನು ಪಕ್ಕಕ್ಕೆ ತಳ್ಳಿ ಬಿಗಿಯಾಗಿಸುತ್ತೆ. ಈ ತೊಂದರೆ ಎಷ್ಟು ಓಡಿಸಿದರೂ ಹೋಗಲ್ಲ, ಬಿಸಿಯಾದಷ್ಟೂ ಹೆಚ್ಚಾಗುತ್ತೆ. ಏಪೆಕ್ಸ್ ಸೀಲ್ ತುದಿಯ ತ್ರಿಕೋನದ ಚೂರು ಸರಿದಿರೋದು, ಅದರಡಿಯ ಸ್ಪ್ರಿಂಗ್ ಉಲ್ಟಾ ಕೂತಿರೋದೂ ಇದೇ ಲಕ್ಷಣ ತೋರಿಸುತ್ತೆ.

ಕಡ್ಡಿ ಪರೀಕ್ಷೆಯಲ್ಲಿ ಸೀಲ್ ಈಚೆ ಬರದಿದ್ದರೆ, ದಯವಿಟ್ಟು ಬೂಸ್ಟ್ (ಟರ್ಬೊ ಒತ್ತಡ) ಕೊಟ್ಟು ಓಡಿಸಿ ನೋಡಬೇಡಿ. ಸೀಲ್ ಮುರಿದರೆ ಚೂರು ಹೌಸಿಂಗನ್ನೂ ಕೆಡಿಸಿ, ಟರ್ಬೊ ಬ್ಲೇಡ್‌ಗಳನ್ನೂ ಹೊಡೆದುಹಾಕುತ್ತೆ. ಬಿಚ್ಚಿದಾಗ ಆ ಮೂಲೆಯ ಎರಡೂ ಬದಿಯ ಸಂದನ್ನು ಫೀಲರ್ ಗೇಜ್‌ನಲ್ಲಿ (ಸಂದು ಅಳೆಯೋ ತೆಳು ಪಟ್ಟಿಗಳು) ಅಳೆದು ಇಲ್ಲಿ ಹಾಕಿ, ಹೌಸಿಂಗ್‌ನ ಪ್ಲಗ್ ತೂತಿನ ಅಂಚಲ್ಲಿ ಕ್ರೋಮ್ ಎದ್ದಿದೆಯಾ ಅನ್ನೋದರ ಫೋಟೊನೂ ಇರಲಿ.