ಎಂಎಸ್ ಫಾಲೋ-ಅಪ್: ಸಾಫ್ಟ್‌ವೇರ್ ಅಳೆದ ಎಂಆರ್‌ಐ ರಿಪೋರ್ಟನ್ನು ಎಷ್ಟು ನಂಬಬಹುದು?

ಪ್ರಶ್ನೆ

ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ, ಮೆದುಳು ಮತ್ತು ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಕಾಯಿಲೆ. ಔಷಧಿ ಶುರುವಾಗಿ ವರ್ಷ ಆಗುತ್ತಾ ಬಂತು. ಈ ಸಲ ಎಂಆರ್‌ಐ ಜೊತೆಗೆ ಸಾಫ್ಟ್‌ವೇರ್ ತಯಾರಿಸಿದ ಇನ್ನೊಂದು ರಿಪೋರ್ಟ್ ಕೊಟ್ಟಿದ್ದಾರೆ. ಹೊಸ ಲೀಷನ್ (ಕಾಯಿಲೆಯಿಂದ ಹಾನಿಯಾದ ಚುಕ್ಕೆ) ಇಲ್ಲ ಅಂತಿದೆ. ಆದರೆ ಮೆದುಳಿನ ಗಾತ್ರ ವರ್ಷಕ್ಕೆ 0.9% ಕಡಿಮೆಯಾಗಿದೆ ಅಂತ ಕೆಂಪು ಬಣ್ಣದಲ್ಲಿ ತೋರಿಸಿದೆ. ಅದನ್ನು ನೋಡಿದಾಗಿನಿಂದ ಅವಳಿಗೆ ಸಮಾಧಾನವಿಲ್ಲ. ಡಾಕ್ಟರನ್ನು ನೋಡುವುದು ಮುಂದಿನ ವಾರ. ಇಂಥ ರಿಪೋರ್ಟ್ ಬಂದವರು ಇದ್ದೀರಾ? ಡಾಕ್ಟರ ಹತ್ತಿರ ಏನು ಕೇಳಬೇಕು?

ಎಂಎಸ್ ಇರುವವರೊಬ್ಬರು

ನನಗೂ ಮೊದಲ ವರ್ಷ ಹೀಗೇ ಕೆಂಪು ಬಂದಿತ್ತು. ನನ್ನ ನ್ಯೂರಾಲಜಿಸ್ಟ್ ಮೊದಲು ಕೇಳಿದ್ದು, "ಹಳೇ ಸ್ಕ್ಯಾನ್ ಔಷಧಿಗೆ ಮುಂಚಿನದ್ದಾ, ಆಮೇಲಿನದ್ದಾ?" ಎಂದು. ಕಾಯಿಲೆ ಜೋರಾಗಿದ್ದಾಗ ಮೆದುಳಿನಲ್ಲಿ ಉರಿಯೂತ ಇರುತ್ತದೆ, ಸ್ವಲ್ಪ ಊದಿಕೊಂಡಿರುತ್ತದೆ. ಔಷಧಿ ಕೆಲಸ ಮಾಡಿದರೆ ಆ ಊತ ಇಳಿಯುತ್ತದೆ. ಸಾಫ್ಟ್‌ವೇರ್‌ಗೆ ಅದು "ಗಾತ್ರ ಕಡಿಮೆಯಾಯಿತು" ಅಂತಲೇ ಕಾಣುತ್ತದೆ. ಇದಕ್ಕೆ ಸ್ಯೂಡೋಅಟ್ರೋಫಿ ಅನ್ನುತ್ತಾರೆ. ಔಷಧಿ ಶುರುವಾದ ಮೊದಲ ಆರು ತಿಂಗಳಿಂದ ಒಂದು ವರ್ಷದಲ್ಲಿ ಇದು ಜಾಸ್ತಿ. ಅಂದರೆ ಔಷಧಿ ಹಿಡಿದಿದ್ದೇ ಕೆಂಪು ಬರಲು ಕಾರಣ ಆಗಿರಬಹುದು.

ಅದಕ್ಕೇ ಔಷಧಿ ಶುರುವಾಗಿ 3ರಿಂದ 6 ತಿಂಗಳಿಗೆ ಹೊಸದಾಗಿ ಒಂದು ಬೇಸ್‌ಲೈನ್ ಸ್ಕ್ಯಾನ್ ತೆಗೆಸಿ, ಮುಂದಿನದನ್ನೆಲ್ಲ ಅದರ ಜೊತೆ ಹೋಲಿಸಿ ಅಂತ 2021ರ ಅಂತರರಾಷ್ಟ್ರೀಯ ಸಲಹೆಯಲ್ಲೇ ಇದೆ. ನಿಮ್ಮ ತಂಗಿಗೆ ಅದು ಆಗಿದೆಯಾ?

ಅಂಕಿಯ ಬಗ್ಗೆ ಒಂದು ಮಾತು. ಆರೋಗ್ಯವಂತ ವಯಸ್ಕರಲ್ಲೂ ಮೆದುಳು ವರ್ಷಕ್ಕೆ ಸುಮಾರು 0.1ರಿಂದ 0.3% ಕುಗ್ಗುತ್ತದೆ. ಎಂಎಸ್‌ನಲ್ಲಿ ಸರಾಸರಿ 0.5ರಿಂದ 1.3%ರಷ್ಟು. ವರ್ಷಕ್ಕೆ 0.4% ದಾಟಿದರೆ ಗಮನಿಸಿ ಅನ್ನುವ ಗೆರೆಯೊಂದಿದೆ. ಇವೆಲ್ಲ ನೂರಾರು ಜನರನ್ನು ಒಟ್ಟಿಗೆ ಅಳೆದು ಬಂದ ಅಂಕಿಗಳು. ಒಬ್ಬರದೇ ಎರಡು ಸ್ಕ್ಯಾನ್ ಇಟ್ಟುಕೊಂಡು ದಶಾಂಶದ ಲೆಕ್ಕ ಹಾಕಿ ಹೆದರಬಾರದು ಅನ್ನುವುದು ನನ್ನ ಅಭಿಪ್ರಾಯ. ಹಾಗಂತ ಕಸದ ಬುಟ್ಟಿಗೂ ಹಾಕಬೇಡಿ. ಎರಡು ಮೂರು ವರ್ಷ ಒಂದೇ ದಿಕ್ಕಿನಲ್ಲಿ ಹೋದರೆ ಅದಕ್ಕೆ ಅರ್ಥ ಇದೆ.

ಎಂಆರ್‌ಐ ಟೆಕ್ನಿಷಿಯನ್

ಮೇಲಿನವರು ಹೇಳಿದ್ದು ಸರಿ. ಯಂತ್ರದ ಕಡೆಯಿಂದ ನೋಡುವ ನಾನು ಇನ್ನಷ್ಟು ಸೇರಿಸುತ್ತೇನೆ. ಐಕೋಬ್ರೇನ್, ನ್ಯೂರೋಕ್ವಾಂಟ್ ಥರದ ಸಾಫ್ಟ್‌ವೇರ್‌ಗಳು ಲೀಷನ್ ಎಣಿಸುತ್ತವೆ, ಗಾತ್ರ ಅಳೆಯುತ್ತವೆ. ಆದರೆ ಎರಡೂ ಸ್ಕ್ಯಾನ್ ಒಂದೇ ರೀತಿ ತೆಗೆದಿದ್ದರೆ ಮಾತ್ರ ಆ ಹೋಲಿಕೆಗೆ ಬೆಲೆ. ಒಂದು 1.5 ಟೆಸ್ಲಾದಲ್ಲಿ, ಇನ್ನೊಂದು 3 ಟೆಸ್ಲಾದಲ್ಲಿ (ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆ) ತೆಗೆದಿದ್ದರೆ ಬರೀ ಯಂತ್ರದ ವ್ಯತ್ಯಾಸಕ್ಕೇ ಅಂಕಿ ಬದಲಾಗುತ್ತದೆ. 3 ಟೆಸ್ಲಾದಲ್ಲಿ ಹಳೇ ಲೀಷನ್‌ಗಳೇ ಹೆಚ್ಚು ಕಂಡು "ಹೊಸದು" ಅನ್ನಿಸಿಕೊಳ್ಳುವುದೂ ಉಂಟು. ಸ್ಲೈಸ್, ಅಂದರೆ ಸ್ಕ್ಯಾನಿನ ಒಂದೊಂದು ಪದರದ ದಪ್ಪ ಬೇರೆಯಾದರೂ ಇದೇ ಕಥೆ. ಈಗ ಮಿದುಳಿಗೆ 1 ಮಿಲಿಮೀಟರ್‌ನ 3ಡಿ ಫ್ಲೇರ್ (ಲೀಷನ್ ಎದ್ದು ಕಾಣುವಂತೆ ತೆಗೆಯುವ ಒಂದು ಬಗೆಯ ಎಂಆರ್‌ಐ ಚಿತ್ರ) ತೆಗೆಯುವುದು ಒಳ್ಳೆಯದು. ಹಳೇ ಸ್ಕ್ಯಾನ್ ದಪ್ಪ ಸ್ಲೈಸಿನ 2ಡಿ ಆಗಿದ್ದರೆ ಹೋಲಿಕೆ ಅರ್ಧಂಬರ್ಧ.

ಆಮೇಲೆ, ತಲೆ ಅಲ್ಲಾಡಿದ್ದರೆ ಲೆಕ್ಕ ಕೆಡುತ್ತದೆ. ದೇಹದಲ್ಲಿ ನೀರಿನಂಶ ಕಡಿಮೆಯಾಗಿದ್ದರೂ ಮೆದುಳಿನ ಗಾತ್ರ ತುಸು ಚಿಕ್ಕದಾಗಿ ಬರುತ್ತದೆ. ರಿಪೋರ್ಟಿನಲ್ಲಿ ಗುಣಮಟ್ಟದ ಬಗ್ಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಯಾರೂ ಓದಲ್ಲ. ನೀವು ಓದಿ.

ಫಿಲ್ಮ್ ಮಾತ್ರ ಇಟ್ಟುಕೊಂಡರೆ ಸಾಲದು, ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಇರುವ ಸಿಡಿ ಕೇಳಿ ಇಸಿದುಕೊಳ್ಳಿ. ಅದಿಲ್ಲದೆ ಸಾಫ್ಟ್‌ವೇರ್ ಏನನ್ನೂ ಅಳೆಯಲಾರದು.

ಇನ್ನೊಬ್ಬರು

ನನಗೆ ಮೈಗ್ರೇನ್ ಕೂಡ ಇದೆ. ಅದರಿಂದಲೂ ಬಿಳಿ ಚುಕ್ಕೆ ಬರುತ್ತವಂತೆ. ಸಾಫ್ಟ್‌ವೇರ್ ಅವನ್ನೂ ಎಂಎಸ್ ಲೆಕ್ಕಕ್ಕೆ ಸೇರಿಸಿತ್ತು. ರೇಡಿಯಾಲಜಿಸ್ಟ್ ಕೂತು ನೋಡಿ ತೆಗೆದುಹಾಕಿದರು. ನನ್ನ ರಿಪೋರ್ಟಿನಲ್ಲಿ ಬೆನ್ನುಹುರಿಯ ಅಳತೆ ಇರಲೇ ಇಲ್ಲ, ಬರೀ ಮೆದುಳು. ನಡೆಯುವುದು, ಮೂತ್ರದ ತೊಂದರೆ ಎಲ್ಲ ಹೆಚ್ಚಾಗಿ ಬೆನ್ನುಹುರಿಯ ಲೀಷನ್‌ನಿಂದಲೇ, ಅಲ್ವಾ?

ಎಂಎಸ್ ಇರುವವರ ಪತಿ

ಎಲ್ಲರೂ ಸಾಫ್ಟ್‌ವೇರನ್ನು ಬೈಯುತ್ತಿದ್ದೀರಿ, ನಮಗೆ ಅದು ಕೆಲಸಕ್ಕೆ ಬಂತು. ಹೆಂಡತಿಗೆ ಹಳೇ ಲೀಷನ್‌ಗಳು ತುಂಬಾ ಇವೆ. ಅಷ್ಟರ ನಡುವೆ ಚಿಕ್ಕದೊಂದು ಹೊಸದು ಬಂದರೆ ಕಣ್ಣಿಗೆ ತಪ್ಪಿಸಿಕೊಳ್ಳುವುದು ಸುಲಭ. ಮೊದಲ ರಿಪೋರ್ಟ್ "ಬದಲಾವಣೆ ಇಲ್ಲ" ಅಂದಿತ್ತು. ಸಾಫ್ಟ್‌ವೇರ್ ಎರಡೂ ಸ್ಕ್ಯಾನನ್ನು ಒಂದರ ಮೇಲೊಂದಿಟ್ಟು ಹೊಸ ಜಾಗವನ್ನು ಗುರುತು ಮಾಡಿತು. ರೇಡಿಯಾಲಜಿಸ್ಟ್ ಮತ್ತೆ ನೋಡಿ ಹೌದು ಅಂದರು. ಔಷಧಿ ಬದಲಾಯಿತು. ನಾನಾದರೆ ಹೊಸ ಲೀಷನ್ ವಿಷಯದಲ್ಲಿ ಅದರ ಮಾತು ಕೇಳುತ್ತೇನೆ, ಗಾತ್ರದ ಶೇಕಡಾವಾರನ್ನು ಅಷ್ಟಾಗಿ ನೆಚ್ಚಿಕೊಳ್ಳಲ್ಲ.

ಪ್ರಶ್ನೆ ಕೇಳಿದವರು

ಈಗ ನೋಡಿದೆ. ಹಳೇ ಸ್ಕ್ಯಾನ್ ಔಷಧಿಗೆ ಮುಂಚಿನದು, ಬೇರೆ ಕಡೆ ತೆಗೆಸಿದ್ದು. ಅದೂ 2ಡಿ. ಮಧ್ಯದಲ್ಲಿ ಬೇಸ್‌ಲೈನ್ ಮಾಡಿಸಿಯೇ ಇಲ್ಲ. ಹಾಗಾದರೆ ಈ 0.9%ಗೆ ಏನರ್ಥ?

ಎಂಆರ್‌ಐ ಟೆಕ್ನಿಷಿಯನ್

ಅಂಥಾ ಎರಡು ಸ್ಕ್ಯಾನ್ ಇಟ್ಟುಕೊಂಡು ಗಾತ್ರದ ಬಗ್ಗೆ ಏನನ್ನೂ ಗಟ್ಟಿಯಾಗಿ ಹೇಳಲಾಗದು. ನಿಜವಾಗಿ ಕುಗ್ಗಿಲ್ಲ ಅಂತಲೂ ಹೇಳಲಾಗದು. ಡಾಕ್ಟರ ಹತ್ತಿರ ಮೂರು ವಿಷಯ ಕೇಳಿ: ಈಗಿನ ಸ್ಕ್ಯಾನನ್ನೇ ಬೇಸ್‌ಲೈನ್ ಮಾಡಿಕೊಳ್ಳಬಹುದಾ? ಮುಂದಿನದು ಇದೇ ಯಂತ್ರದಲ್ಲಿ, ಇದೇ ಪ್ರೋಟೋಕಾಲಿನಲ್ಲಿ (ಸ್ಕ್ಯಾನ್ ತೆಗೆಯುವ ಇದೇ ಕ್ರಮದಲ್ಲಿ) ಆಗುತ್ತದಾ? ಬೆನ್ನುಹುರಿಯನ್ನೂ ನೋಡಬೇಕಾ? ನಡಿಗೆ, ಕೈ ಚುರುಕು, ಯೋಚನೆಯ ವೇಗದ ಪರೀಕ್ಷೆಗಳ ಹಳೇ ಅಂಕಿಗಳಿದ್ದರೆ ಅವನ್ನೂ ಒಯ್ಯಿರಿ. ಔಷಧಿಯನ್ನು ಮಾತ್ರ ಈ ರಿಪೋರ್ಟ್ ನೋಡಿ ನಿಲ್ಲಿಸಬೇಡಿ. ಹಳೇ ಸಿಡಿ ಮನೆಯಲ್ಲಿ ಇಲ್ಲದಿದ್ದರೆ, ತೆಗೆಸಿದ ಕಡೆಗೆ ಇವತ್ತೇ ಫೋನ್ ಮಾಡಿ. ಮುಂದಿನ ವಾರದೊಳಗೆ ಕೈಗೆ ಸಿಗಬೇಕಲ್ಲ.