ಪೆಂಟಿಯಂ 4ರಲ್ಲಿ ಕರ್ನೆಲ್ ಕಂಪೈಲ್ ಅರ್ಧಕ್ಕೇ ನಿಲ್ಲುತ್ತದೆ, ಪ್ರತಿ ಸಲ ಬೇರೆ ಕಡೆ

ಪೆರ್ಲ ವಾಚನಾಲಯ:
ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ವಾಚನಾಲಯ ಉಂಟು. ಅಲ್ಲಿಗೆ ಊರಿನವರೊಬ್ಬರು ಹಳೆ ಪೆಂಟಿಯಂ 4 ಕೊಟ್ಟಿದ್ದಾರೆ. 32 ಬಿಟ್ಟಿನದ್ದು, 512 ಎಂಬಿಯ ಎರಡು ರ್‍ಯಾಮ್ ಸ್ಟಿಕ್. ಶಾಲೆಗಳಿಗೆ ಕೇರಳ ಸರಕಾರದ ಐಟಿ ಸಂಸ್ಥೆ ಕೈಟ್‌ನವರು ಈಗ ಕೊಡುವ ಉಬುಂಟು 64 ಬಿಟ್, ಇದಕ್ಕೆ ಹಿಡಿಯುವುದಿಲ್ಲ. ಲಿನಕ್ಸಿನದ್ದೇ ಇನ್ನೊಂದು ರೂಪ ಡೆಬಿಯನ್ 12 ಹಾಕಿದೆ. ಕನ್ನಡ ಟೈಪಿಂಗ್ ಸಹ ಚೆನ್ನಾಗಿ ಬರುತ್ತದೆ.

ಸಂಜೆ ಹೈಸ್ಕೂಲ್ ಮಕ್ಕಳು ಬರುತ್ತಾರೆ. ಆಪರೇಟಿಂಗ್ ಸಿಸ್ಟಮ್ಮನ್ನು ನಾವೇ ಕಟ್ಟಬಹುದು ಅಂತ ಅವರು ಕಣ್ಣಾರೆ ನೋಡಬೇಕು ಅಂತ ನನ್ನ ಆಸೆ. ಅದಕ್ಕೆ ಲಿನಕ್ಸಿನ ತಿರುಳಾದ 6.1 ಕರ್ನೆಲ್ಲಿನ ಸೋರ್ಸ್ ಇಳಿಸಿ, ಅದನ್ನು ಕಂಪೈಲ್ ಮಾಡಲು (ಯಂತ್ರ ಓಡಿಸುವ ಕೋಡಾಗಿ ಬದಲಿಸಲು) ಮೇಕ್ ಕಮಾಂಡ್ ಕೊಟ್ಟೆ. ಸ್ವಲ್ಪ ಹೊತ್ತು ಓಡಿ "ಇಂಟರ್ನಲ್ ಕಂಪೈಲರ್ ಎರರ್, ಸೆಗ್ಮೆಂಟೇಶನ್ ಫಾಲ್ಟ್" ಅಂತ ನಿಲ್ಲುತ್ತದೆ. ಒಮ್ಮೆ ಫೈಲ್‌ಸಿಸ್ಟಮ್ ಫೋಲ್ಡರಿನಲ್ಲಿ, ಇನ್ನೊಮ್ಮೆ ನೆಟ್‌ವರ್ಕ್ ಡ್ರೈವರಿನಲ್ಲಿ. ಪುನಃ ಮೇಕ್ ಕೊಟ್ಟರೆ ಅದೇ ಫೈಲ್ ಸಲೀಸಾಗಿ ದಾಟುತ್ತದೆ! ಸೋರ್ಸೇ ಸರಿ ಇಲ್ಲವಾ? ಜಿಸಿಸಿ ಕಂಪೈಲರ್ ಬದಲಿಸಬೇಕಾ?

ಬದಿಯಡ್ಕದವ:
ರ್‍ಯಾಮ್ ಸಾಲುತ್ತಿಲ್ಲ ಅನ್ನಿಸುತ್ತದೆ ಮಾಸ್ಟ್ರೇ. ಡಿಸ್ಕಿನಲ್ಲಿ 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಮಾಡಿ ನೋಡಿ.

ಕುಂಬಳೆ ರಿಪೇರಿ:
ಸ್ವಾಪ್ ಇದ್ದರೆ ಒಳ್ಳೆಯದೇ. ಆದ್ರೆ ಇದು ಆ ರೋಗ ಅಲ್ಲ. ಮೆಮೊರಿ ಸಾಲದಿದ್ದರೆ ಕರ್ನೆಲ್ಲೇ ಕಂಪೈಲರನ್ನು ಕೊಲ್ಲುತ್ತದೆ. ಆಗ "ಕಿಲ್ಡ್" ಅಂತ ಬರುತ್ತದೆ, ಕರ್ನೆಲ್ಲಿನ ದಾಖಲೆ ತೋರಿಸುವ ಡಿಮೆಸೇಜ್‌ನಲ್ಲೂ ಗುರುತು ಉಳಿಯುತ್ತದೆ. ಸೋರ್ಸಿನದ್ದೋ ಜಿಸಿಸಿಯದ್ದೋ ತಪ್ಪಾಗಿದ್ದರೆ ಪ್ರತಿ ಸಲ ಅದೇ ಫೈಲಿನ ಅದೇ ಸಾಲಿನಲ್ಲಿ ನಿಲ್ಲಬೇಕು. ನಿಮ್ಮದು ಜಾಗ ಬದಲಿಸುತ್ತಿದೆ, ಪುನಃ ಕೊಟ್ಟರೆ ದಾಟುತ್ತಿದೆ. ಅಲ್ಲಿಗೆ ಹಾರ್ಡ್‌ವೇರ್ ಅಂತಲೇ ಲೆಕ್ಕ. ಮೊದಲ ಸಂಶಯ ರ್‍ಯಾಮ್ ಮೇಲೆ.

"ಬೇರೆಲ್ಲ ಕೆಲಸ ಸರಿ ಆಗ್ತದಲ್ಲ?" ಅಂತ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ವಿಡಿಯೋದಲ್ಲಿ ಒಂದು ಬಿಟ್ ತಿರುಗಿದರೆ ಒಂದು ಚುಕ್ಕಿ ಹೆಚ್ಚುಕಡಿಮೆ ಆಗಬಹುದು, ಯಾರಿಗೂ ಕಾಣುವುದಿಲ್ಲ. ಕಂಪೈಲರ್ ಹಾಗಲ್ಲ. ಅದು ಮೆಮೊರಿ ತುಂಬಾ ವಿಳಾಸಗಳನ್ನೇ ಇಟ್ಟುಕೊಂಡಿರುತ್ತದೆ. ಅದರಲ್ಲಿ ಒಂದು ಬಿಟ್ ತಪ್ಪಿದರೂ ಇಲ್ಲದ ಜಾಗಕ್ಕೆ ಕೈ ಹಾಕಿ ಬೀಳುತ್ತದೆ. ಸುಮ್ನೆ ಬಿಡಬೇಡಿ. ಇದೇ ರ್‍ಯಾಮಿನಿಂದ ಮಕ್ಕಳ ಫೈಲುಗಳೂ ಸದ್ದಿಲ್ಲದೆ ಕೆಟ್ಟು ಡಿಸ್ಕಿಗೆ ಹೋಗಬಹುದು.

ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ಪ್ಯಾಕೇಜ್ ಹಾಕಿದರೆ ಶುರುವಿಗೆ ಬರುವ ಗ್ರಬ್ ಮೆನುವಿನಲ್ಲೇ ಬರುತ್ತದೆ. ರಾತ್ರಿಯಿಡೀ ಓಡಲಿ. ಒಂದು ಎರರ್ ಬಂದರೂ ಫೇಲ್. ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ನೋಡಿ. ನಮ್ಮ ಕರಾವಳಿಯ ಮಳೆಗಾಲಕ್ಕೆ ರ್‍ಯಾಮಿನ ಬಾಯಿ, ಅಂದರೆ ಸ್ಲಾಟಿಗೆ ಕೂರುವ ಲೋಹದ ಪಟ್ಟಿ, ಕಪ್ಪಾಗುವುದು ಜಾಸ್ತಿ. ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ, ಪುಡಿ ಕೊಡವಿ, ಪುನಃ ಕೂರಿಸಿ. ಹಾಗೇ ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದೆಯಾ ನೋಡಿ. 2000ದ ನಂತರದ ವರ್ಷಗಳ ಬೋರ್ಡುಗಳಲ್ಲಿ ಇದು ತುಂಬಾ ಕಂಡಿದ್ದೇನೆ.

ಉಪ್ಪಳದ ಹುಡುಗಿ:
ರಿಪೇರಿ ಅಣ್ಣ ಹೇಳಿದ್ದು ಸರಿ. ರ್‍ಯಾಮ್ ಸರಿಯಾದ ಮೇಲೆ ಕೆಲಸ ಹಗುರ ಮಾಡಿಕೊಳ್ಳಿ ಮಾಸ್ಟ್ರೇ. ಡೆಬಿಯನ್ನಿನ ಕಾನ್ಫಿಗ್ (ಏನೇನು ಕಟ್ಟಬೇಕು ಅನ್ನುವ ಪಟ್ಟಿ) ಹಾಗೇ ತೆಗೆದುಕೊಂಡರೆ ಸಾವಿರಾರು ಡ್ರೈವರ್ ಕಂಪೈಲ್ ಆಗುತ್ತವೆ. ಲೋಕಲ್‌ಮಾಡ್‌ಕಾನ್ಫಿಗ್ ಅಂತ ಮೇಕ್ ಜೊತೆ ಕೊಟ್ಟರೆ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್ (ಡ್ರೈವರಿನಂಥ ತುಂಡು) ಮಾತ್ರ ಉಳಿಯುತ್ತದೆ. ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಸಿಕ್ಕಿಸಿಟ್ಟೇ ಅದನ್ನು ಓಡಿಸಿ. ತಪ್ಪು ಹುಡುಕಲು ಸೇರಿಸುವ ಡೀಬಗ್ ಇನ್ಫೋ ಆಫ್ ಮಾಡಿ, ಡಿಸ್ಕಿನಲ್ಲಿ ಎಷ್ಟೋ ಜಿಬಿ ಉಳಿಯುತ್ತದೆ.

64 ಬಿಟ್ ಲ್ಯಾಪ್‌ಟಾಪಿನಲ್ಲಿ ಆರ್ಕ್ ಐ386 (32 ಬಿಟ್ಟಿಗೆ) ಅಂತ ಕೊಟ್ಟು ಕರ್ನೆಲ್ ಕಟ್ಟಿ ತಂದು ಹಾಕಲೂಬಹುದು. ಬೇಗ ಮುಗಿಯುತ್ತದೆ. ಆದ್ರೆ ಮಕ್ಕಳು ನೋಡಲಿ ಅಂತ ಮಾಡುವುದಾದರೆ ಅದೇ ಯಂತ್ರದಲ್ಲಿ ಆಗುವುದು ಚಂದ ಅಲ್ವಾ?

ಪೆರ್ಲ ವಾಚನಾಲಯ:
ಎರಡನೇ ಸ್ಟಿಕ್ ಹಾಕಿದರೆ ಎರರೋ ಎರರು! ರಬ್ಬರ್ ಉಜ್ಜಿದ ಮೇಲೂ ಹಾಗೇ. ತೆಗೆದಿಟ್ಟೆ. ಇನ್ನೊಂದು ಸ್ಟಿಕ್ ರಾತ್ರಿಯಿಡೀ ಪಾಸ್. ಕೆಪಾಸಿಟರ್ ಎಲ್ಲ ಸರಿ ಇವೆ. ಈಗ 512 ಎಂಬಿ ಮತ್ತು ಸ್ವಾಪ್‌ನಲ್ಲಿ ಮೇಕ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದಲ್ಲ?

ಕುಂಬಳೆ ರಿಪೇರಿ:
ಮುಂದುವರಿಯುತ್ತದೆ, ಆದರೆ ಹಾಗೆ ಮಾಡಬೇಡಿ. ಆ ಸ್ಟಿಕ್ ಇದ್ದಾಗ ಎರರ್ ಬಾರದೆ ತಯಾರಾದ ಆಬ್ಜೆಕ್ಟ್ ಫೈಲುಗಳೂ (ಕಂಪೈಲ್ ಆದ ತುಂಡುಗಳು) ಒಳಗೆ ತಪ್ಪಿರಬಹುದು. ಮೇಕ್ ಕ್ಲೀನ್ ಕೊಟ್ಟು ಅವನ್ನು ಅಳಿಸಿ ಮೊದಲಿನಿಂದ ಶುರು ಮಾಡಿ. ಕ್ಲೀನ್ ಕೊಟ್ಟರೆ ನಿಮ್ಮ ಕಾನ್ಫಿಗ್ ಉಳಿಯುತ್ತದೆ, ಎಂಆರ್‌ಪ್ರಾಪರ್ ಕೊಟ್ಟರೆ ಅದೂ ಹೋಗುತ್ತದೆ. ಕಾನ್ಫಿಗ್ ಫೈಲನ್ನು ಬೇರೆ ಕಡೆ ಎತ್ತಿಟ್ಟು ಸೋರ್ಸನ್ನೂ ಒಮ್ಮೆ ಅಳಿಸಿ ಹೊಸದಾಗಿ ಇಳಿಸಿ, ಬಿಚ್ಚಿದ್ದು ಅದೇ ರ್‍ಯಾಮಿನಲ್ಲಿ ತಾನೇ.