ಹಳೆಯ ‘ಮೋಸ್ಟ್ ವಾಂಟೆಡ್’ ಆಡಿದವರಿಗೆ ಹೊಸ ‘ನೀಡ್ ಫಾರ್ ಸ್ಪೀಡ್’ ಹಿಡಿಸುತ್ತದೆಯೇ?

ಕೇಳಿದವರು, ದಾವಣಗೆರೆ:
ಖಾರ ಮಂಡಕ್ಕಿ ತಿಂದ ಕೈಯಲ್ಲೇ ಸೈಬರ್ ಕೆಫೆಯ ಕೀಬೋರ್ಡ್ ಒತ್ತಿ, ‘ನೀಡ್ ಫಾರ್ ಸ್ಪೀಡ್’ ಎಂಬ ಕಾರ್ ಓಟದ ವಿಡಿಯೋ ಗೇಮ್ ಸರಣಿಯ 2005ರ ‘ಮೋಸ್ಟ್ ವಾಂಟೆಡ್’ ಮುಗಿಸಿದವನು ನಾನು. ಈಗ ಮನೆಗೆ ಒಳ್ಳೆಯ ಕಂಪ್ಯೂಟರ್ ಬಂದಿದೆ. ಅದೇ ಸರಣಿಯ 2022ರ ‘ಅನ್‌ಬೌಂಡ್’ ಕೊಳ್ಳೋಣವೆಂದು ನೋಡಿದರೆ ಚಕ್ರದಿಂದ ವ್ಯಂಗ್ಯಚಿತ್ರದ ಹೊಗೆ, ಹಾರಿದ ಕಾರಿಗೆ ಬಣ್ಣದ ರೆಕ್ಕೆ! ಸರಣಿ ದಾರಿ ಬದಲಿಸಿತೇ? ಆಡಿದವರು ಹೇಳಿ.

ಚಿತ್ರದುರ್ಗದಿಂದ:
ಮೂರು ದಿನ ಮುಖ ಸಿಂಡರಿಸಿಕೊಂಡೇ ಆಡಿದೆ. ಆಮೇಲೆ ರೆಕ್ಕೆ ಕಣ್ಣಿಗೆ ಬೀಳುವುದೇ ನಿಂತಿತು, ಏಕೆಂದರೆ ಕಣ್ಣೆಲ್ಲ ಪೊಲೀಸರ ಮೇಲೆ. ಗೆದ್ದ ಹಣ ನಿಮ್ಮದಾಗುವುದು ಗ್ಯಾರೇಜ್ ಸೇರಿದ ಮೇಲೆಯೇ. ನಡುವೆ ಸಿಕ್ಕಿಬಿದ್ದರೆ ಹೋಯಿತು. ಹಗಲು ಪೊಲೀಸರನ್ನು ಕೆಣಕಿದ್ದರೆ ಆ ಬಿಸಿ ರಾತ್ರಿಗೂ ಬೆನ್ನು ಹತ್ತುತ್ತದೆ. ಸೋತ ಪಂದ್ಯವನ್ನು ಬೇಕಾದಷ್ಟು ಸಲ ಮತ್ತೆ ಆಡುವಂತಿಲ್ಲ, ಅದಕ್ಕೂ ಮಿತಿ. ಒಂದು ರಾತ್ರಿ ಗ್ಯಾರೇಜ್ ಇನ್ನೊಂದು ತಿರುವಿನಾಚೆ ಇದೆ ಎನ್ನುವಾಗ ಸಿಕ್ಕಿಬಿದ್ದೆ. ಅಮ್ಮ ಊಟಕ್ಕೆ ಕರೆದರೂ ಬಾಯಿಂದ ಮಾತು ಬರಲಿಲ್ಲ. ಹಳೆಯ ‘ಮೋಸ್ಟ್ ವಾಂಟೆಡ್’ನ ಖಳನಾಯಕ ರೇಜರ್ ನಮ್ಮ ಬಿಎಂಡಬ್ಲ್ಯು ಎಂ3 ಜಿಟಿಆರ್ ಕಾರನ್ನು ಹೊಡೆದುಕೊಂಡು ಹೋದಾಗ ಆಗಿದ್ದ ಹೊಟ್ಟೆಯುರಿಯೇ ಇದು. ಹಾಗಾಗಿ ನನ್ನ ಮಟ್ಟಿಗೆ ಬದಲಾಗಿರುವುದು ಬಟ್ಟೆ ಮಾತ್ರ. ಪಾತ್ರಗಳ ಹರಟೆ ಮಾತ್ರ ಸಹಿಸಲಾಗದು. ಧ್ವನಿ ತಗ್ಗಿಸಿ ಆಡುತ್ತೇನೆ.

ದಾವಣಗೆರೆಯಿಂದ ಇನ್ನೊಬ್ಬರು:
ನನಗೆ ಹಿಡಿಸಲಿಲ್ಲ. ಒಂದೂವರೆ ಗಂಟೆ ಆಡಿ ಹಣ ವಾಪಸ್ ಪಡೆದೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಕೇಳಬಹುದು. ಮೊದಲು 2019ರ ‘ಹೀಟ್’ ನೋಡಿ: ಹಗಲು ಕಾನೂನಿನ ಪಂದ್ಯ, ರಾತ್ರಿ ಕದ್ದು ಓಟ. ನಮ್ಮ ಕಾಲದವರಿಗೆ ಅದು ಹತ್ತಿರ.

ಹರಿಹರದಿಂದ:
ದಾರಿ ಬದಲಿಸಿತೇ ಎಂದು ಕೇಳುತ್ತೀರಲ್ಲ, ಇದು ಯಾವಾಗ ಒಂದೇ ದಾರಿಯಲ್ಲಿತ್ತು ಸ್ವಾಮಿ? 2007ರ ‘ಪ್ರೊಸ್ಟ್ರೀಟ್’ ಪೊಲೀಸರನ್ನೇ ಕೈಬಿಟ್ಟು ಹಗಲಿನ ಟ್ರ್ಯಾಕ್‌ಗೆ ಹೋಯಿತು. ಆಗ ಬೈದವನು ನಾನೇ. ಈಗ ಹುಡುಕಿಕೊಂಡು ಆಡುತ್ತೇನೆ. 2015ರ ‘ನೀಡ್ ಫಾರ್ ಸ್ಪೀಡ್’ ಇಂಟರ್ನೆಟ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ, ನಮ್ಮ ಬೀದಿಯಲ್ಲಿ ಮಳೆ ಬಂದರೆ ಆಟ ಮುಗಿದಂತೆ. ನಿಜವಾಗಿ ನೋವಾದದ್ದು 2017ರ ‘ಪೇಬ್ಯಾಕ್’. ಎಂಜಿನ್ ಬಲಪಡಿಸಲು ಇಸ್ಪೀಟಿನಂತೆ ಎಲೆ ಬರಬೇಕು! ಬಣ್ಣ ಬದಲಾದರೆ ಹೊಂದಿಕೊಳ್ಳಬಹುದು, ಕೈಯ ಕಸುಬನ್ನು ಅದೃಷ್ಟಕ್ಕೆ ಬಿಟ್ಟರೆ ಹೇಗೆ? ‘ಅನ್‌ಬೌಂಡ್’ನಲ್ಲಿ ಆ ಕಾಟವಿಲ್ಲ. ಇನ್ನೊಂದು ಮಾತು. ಹೆಸರು ನೋಡಿ 2012ರ ‘ಮೋಸ್ಟ್ ವಾಂಟೆಡ್’ ಕೊಂಡು ರೇಜರ್‌ಗಾಗಿ ಕಾಯಬೇಡಿ. ಅದರಲ್ಲಿ ಕಥೆಯೇ ಇಲ್ಲ. ಊರಿನಲ್ಲಿ ನಿಂತ ಕಾರುಗಳನ್ನು ಹುಡುಕಿ ಹತ್ತುವುದು. ಓಟವಾಗಿ ಚೆನ್ನಾಗಿದೆ, ನಮ್ಮದಲ್ಲ ಅಷ್ಟೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ‘ಹೀಟ್’ ಇಳಿಸಿಕೊಳ್ಳುತ್ತಿದ್ದೇನೆ, ‘ಅನ್‌ಬೌಂಡ್’ ರಿಯಾಯಿತಿ ಬಂದಾಗ. ಪಕ್ಕದಲ್ಲಿ ಕುಳಿತ ತಮ್ಮ ಆ ರೆಕ್ಕೆಯೇ ಚೆನ್ನಾಗಿದೆ, ಅದನ್ನೇ ತರಿಸು ಎನ್ನುತ್ತಿದ್ದಾನೆ. ಅವನು ಹುಟ್ಟಿದ್ದು 2009ರಲ್ಲಿ.